ಮಂಡಿ ನೋವಿಗೆ ಗ್ಲುಕೋಸಮೈನ್ ಮಾತ್ರೆ ಉಪಯೋಗಕ್ಕೆ ಬರುತ್ತದಾ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಪಕ್ಕದ ಮನೆಯ ಆಂಟಿಗೆ ಗ್ಲುಕೋಸಮೈನ್ ಮಾತ್ರೆಯಿಂದ ನೋವು ಹೋಯಿತಂತೆ. ಅಮ್ಮನಿಗೂ ತರಲಾ?

ನನ್ನನ್ನು ಕೇಳಿದರೆ ಬೇಡ. ಆಂಟಿ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅವರ ನೋವು ನಿಜವಾಗಿಯೂ ಇಳಿದಿರಬಹುದು. ಮಾತ್ರೆಯಿಂದಲೇ ಇಳಿಯಿತಾ ಅನ್ನೋದು ಬೇರೆ ಮಾತು.

ಅಮೆರಿಕದಲ್ಲಿ ಮಂಡಿ ಸವೆತ ಇದ್ದ 1,583 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2006ರಲ್ಲಿ ಬಂತು. ಕೆಲವರಿಗೆ ಗ್ಲುಕೋಸಮೈನ್, ಕೆಲವರಿಗೆ ಕಾಂಡ್ರಾಯ್ಟಿನ್ (ಮಂಡಿ ನೋವಿಗೆ ಅಂತ ಇದರ ಜೊತೆಗೇ ಮಾರುವ ಇನ್ನೊಂದು ಮಾತ್ರೆ), ಕೆಲವರಿಗೆ ಎರಡೂ, ಒಂದು ಗುಂಪಿಗೆ ನೋವಿನ ಮಾತ್ರೆ, ಇನ್ನೊಂದಕ್ಕೆ ಔಷಧವೇ ಇಲ್ಲದ ಸುಮ್ನೆ ಮಾತ್ರೆ. 24 ವಾರದ ನಂತರ ನೋಡಿದರೆ ಸುಮ್ನೆ ಮಾತ್ರೆ ನುಂಗಿದವರಲ್ಲೇ ನೂರಕ್ಕೆ 60 ಜನರಿಗೆ ನೋವು ಕಡಿಮೆಯಾಗಿತ್ತು. ಗ್ಲುಕೋಸಮೈನ್ ತಗೊಂಡವರಲ್ಲಿ 64. ಇಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ. ಮಂಡಿ ನೋವು ಏರುತ್ತದೆ, ಇಳಿಯುತ್ತದೆ; ನಾವು ಮೆಡಿಕಲ್ ಶಾಪಿಗೆ ಹೋಗೋದು ಅದು ತಡೆಯಲಾರದಷ್ಟು ಏರಿದಾಗ, ಆಮೇಲೆ ತಾನಾಗೇ ಇಳಿದರೂ ಹೆಸರು ಬರೋದು ಮಾತ್ರೆಗೆ, ಅಲ್ವಾ? ನೋವು ಜಾಸ್ತಿ ಇದ್ದ ಸಣ್ಣ ಗುಂಪಿನಲ್ಲಿ ಎರಡೂ ಸೇರಿಸಿ ಕೊಟ್ಟಾಗ ಉಪಯೋಗ ಕಂಡಿದ್ದು ನಿಜ. ಆದರೂ 2019ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಮಂಡಿ ಸವೆತಕ್ಕೆ ಇವೆರಡೂ ಬೇಡ ಅಂತ ಖಡಾಖಂಡಿತವಾಗಿ ಹೇಳಿತು.

ಡಬ್ಬಿ ಕೈಗೆ ಸಿಕ್ಕರೆ ತಿರುಗಿಸಿ ನೋಡಿ. ಗ್ಲುಕೋಸಮೈನನ್ನು ಹೆಚ್ಚಾಗಿ ಸೀಗಡಿ, ಏಡಿ ಚಿಪ್ಪಿನಿಂದ ತೆಗೆಯುತ್ತಾರೆ. ಸಸ್ಯಾಹಾರಿಗಳಿಗೂ ಚಿಪ್ಪುಮೀನಿನ ಅಲರ್ಜಿ ಇರುವವರಿಗೂ ಇದು ಗೊತ್ತಿರಬೇಕು. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು, ರಕ್ತಸ್ರಾವದ ಅಪಾಯ ಹೆಚ್ಚಬಹುದು.

ಹಾಗಾದರೆ ಅಮ್ಮ ಏನು ಮಾಡಬೇಕು? ಕುರ್ಚಿ ಮೇಲೆ ಬೆನ್ನು ಒರಗಿಸಿ ಕೂರಿಸಿ. ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸೋವರೆಗೆ ಹಿಡಿದು, ನಿಧಾನಕ್ಕೆ ಇಳಿಸಲಿ. ತೊಡೆ ಮೇಲೆ ಕೈ ಇಟ್ಟರೆ ಸ್ನಾಯು ಬಿಗಿಯಾಗೋದು ಗೊತ್ತಾಗುತ್ತದೆ. ಆ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ. ಎರಡೂ ಕಾಲಿಗೆ ಹತ್ತು ಹತ್ತು ಸಲ, ದಿನಾ. ತೂಕ ಜಾಸ್ತಿ ಇದ್ದರೆ ಒಂದು ಕೆಜಿ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ. ತಿಂಗಳಾನುಗಟ್ಟಲೆ ಮಾತ್ರೆಗೆ ಸುರಿಯೋ ದುಡ್ಡಲ್ಲಿ ಫಿಸಿಯೋಥೆರಪಿಸ್ಟ್ ಹತ್ತಿರ ನಾಲ್ಕು ಸಲ ಹೋಗಿ ಬರಲಿ.

ಮಂಡಿ ಊದಿಕೊಂಡು ಬಿಸಿಯಾಗಿದ್ದರೆ, ಅಥವಾ ಬೆಳಗ್ಗೆ ಎದ್ದಮೇಲೆ ಗಂಟೆಗೂ ಹೆಚ್ಚು ಹೊತ್ತು ಬಿಗಿತ ಬಿಡದಿದ್ದರೆ ಕಾರಣ ಬೇರೆ ಇರಬಹುದು. ಆಗ ತಡ ಮಾಡದೆ ಮತ್ತೆ ಡಾಕ್ಟರಿಗೆ ತೋರಿಸಿ.