‘ಪಿಂಗ್ ಹೋಗ್ತಿದೆಯಲ್ಲ ಸಾರ್!’

ಈ ಮಾತು ಕಿವಿಗೆ ಬಿದ್ದರೆ ನನಗೆ ಈಚೆಗೆ ತಲೆ ಬಿಸಿಯಾಗುತ್ತದೆ. ಪಿಂಗ್ ಅಂದರೆ ಆಚೆಯ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡಲು ಕಳಿಸುವ ಸಣ್ಣ ಸಂದೇಶ. ಫೋನ್ ಮಾಡಿದವರು ಬಾಂಡ್ (ಹಲವು ನೆಟ್‌ವರ್ಕ್ ಕಾರ್ಡ್‌ಗಳನ್ನು ಕೂಡಿಸಿ ಒಂದಾಗಿಸಿದ್ದು) ಮೇಲೆ ಟ್ಯಾಗ್‌ನೊಳಗೊಂದು ಟ್ಯಾಗ್ ಕಟ್ಟಿರುತ್ತಾರೆ. ಒಂದೇ ತಂತಿಯ ಮೇಲೆ ಪ್ರತ್ಯೇಕ ಜಾಲಗಳನ್ನು, ಅಂದರೆ ವಿಲ್ಯಾನ್‌ಗಳನ್ನು, ಓಡಿಸುವಾಗ ಪ್ಯಾಕೆಟ್ ಯಾವುದಕ್ಕೆ ಸೇರಿದ್ದೆಂದು ಹೇಳುವ ಗುರುತೇ ಟ್ಯಾಗ್. ಸರ್ವರ್‌ಗೆ ಲಾಗಿನ್ ಆಗುತ್ತದೆ, ಸಣ್ಣ ಕಮಾಂಡ್‌ಗೆ ಉತ್ತರವೂ ಬರುತ್ತದೆ. ಉದ್ದನೆಯ ಲಾಗ್ ಫೈಲ್ ತೆರೆದರೋ, ಪರದೆ ನಿಂತಲ್ಲೇ ನಿಂತಿತು. ಅಪ್ಲಿಕೇಷನ್‌ನವರನ್ನು ಬೈದು, ಫೈರ್‌ವಾಲ್‌ನವರನ್ನು ಬೈದು ಮುಗಿದ ಮೇಲೆ ನನ್ನ ಸರದಿ. ‘ನೆಟ್‌ವರ್ಕ್ ಸರಿಯಾಗೇ ಇದೆ, ಪಿಂಗ್ ಹೋಗ್ತಿದೆಯಲ್ಲ ಸಾರ್!’

ಹೋಗದೆ ಏನು? ಲಿನಕ್ಸ್‌ನಲ್ಲಿ ಬರೀ ಪಿಂಗ್ ಹೊತ್ತೊಯ್ಯುವ ಹೊರೆ 56 ಬೈಟ್. ಅಷ್ಟು ಸಣ್ಣದು ಯಾವ ಸಂದಿಯಲ್ಲಾದರೂ ನುಸುಳೀತು.

ಕೆಳಗೆ ಬಾಂಡ್, ಅದರ ಮೇಲೆ ಹೊರಗಿನ ವಿಲ್ಯಾನ್, ಅದರ ಮೇಲೆ ಒಳಗಿನದು. ಈ ಕ್ರಮ ನಿಮಗೆ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತೇನೆ. ಹೊರ ಟ್ಯಾಗ್‌ನ ಗುರುತು ಸಂಖ್ಯೆ, ಜೋಡಿ ಟ್ಯಾಗ್‌ಗಳ ಮಾನದಂಡವಾದ 802.1ಎಡಿ ಹೇಳುವ 88ಎ8 ಆಗಿರಬೇಕೋ ಹಳೆಯ 8100 ಸಾಕೋ ಎಂದು ಎದುರಿನ ಸ್ವಿಚ್‌ನವರನ್ನು ಕೇಳಿಕೊಳ್ಳಿ. ಏನೂ ಹೇಳದಿದ್ದರೆ ಲಿನಕ್ಸ್ 8100 ಹಾಕುತ್ತದೆ. ಇದು ತಾಳೆಯಾಗದಿದ್ದರೆ ಸಾಮಾನ್ಯವಾಗಿ ಪಿಂಗೇ ಹೋಗುವುದಿಲ್ಲ, ಹಾಗಾಗಿ ತಪ್ಪು ಬೇಗ ಸಿಕ್ಕಿಬೀಳುತ್ತದೆ. ನನ್ನ ತಕರಾರು ಸಿಕ್ಕಿಬೀಳದ ತಪ್ಪಿನ ಬಗ್ಗೆ.

ಲೆಕ್ಕ ಹಾಕೋಣ. 1500 ಬೈಟ್‌ನ ಪ್ಯಾಕೆಟ್‌ಗೆ ಈಥರ್ನೆಟ್ ತಲೆಬರಹ 14, ಬಾಲದ ಚೆಕ್‌ಸಮ್ 4 ಸೇರಿ ಫ್ರೇಮ್ 1518. ಒಂದು ಟ್ಯಾಗ್ ಹಾಕಿದರೆ 1522. ಇದಕ್ಕೆ ಜಾಗ ಬಿಟ್ಟುಕೊಂಡೇ ಈಗಿನ ಕಾರ್ಡ್, ಸ್ವಿಚ್‌ಗಳು ಬರುತ್ತವೆ. ಇಷ್ಟು ದಿನ ನೀವು ಎಂಟಿಯು (ಒಂದು ಸಲಕ್ಕೆ ಹೋಗಬಹುದಾದ ಪ್ಯಾಕೆಟ್‌ನ ಗರಿಷ್ಠ ಅಳತೆ) ಬಗ್ಗೆ ಯೋಚಿಸದೆ ಬದುಕಿದ್ದು ಅದರಿಂದಲೇ. ಎರಡನೇ ಟ್ಯಾಗ್ ಬಂದರೆ 1526. ಈ ಕೊನೆಯ 4 ಬೈಟನ್ನು ಕೆಲವು ಕಾರ್ಡ್‌ಗಳು ತಾಳಿಕೊಳ್ಳುತ್ತವೆ, ಕೆಲವು ಇಲ್ಲ. ತಾಳದ ಕಡೆ ಫ್ರೇಮ್ ಸದ್ದಿಲ್ಲದೆ ಕಸಕ್ಕೆ ಹೋಗುತ್ತದೆ. ‘ದೊಡ್ಡದಾಯಿತು, ಒಡೆದು ಕಳಿಸು’ ಎಂದು ವಾಪಸ್ ಹೇಳಿಕಳಿಸುವುದು ರೌಟರ್‌ನ ಕೆಲಸ. ಎರಡನೇ ಪದರದಲ್ಲಿ ಕೂತ ಸ್ವಿಚ್‌ಗೆ ಆ ಉಸಾಬರಿ ಇಲ್ಲ. ಲಿನಕ್ಸ್ ಕೂಡ ಎಚ್ಚರಿಸುವುದಿಲ್ಲ. ಬಾಂಡ್ 1500, ಹೊರಗಿನದು 1500, ಒಳಗಿನದೂ 1500 ಎಂದು ಮೂರು ಸಾಲು ತೋರಿಸಿ ಸುಮ್ಮನಿರುತ್ತದೆ. ನೋಡುವವರಿಗೂ ಎಲ್ಲ ಸಮ ಇದೆಯಲ್ಲ ಎಂಬ ಸಮಾಧಾನ. ಸಮ ಇರುವುದೇ ತೊಂದರೆ.

ನಾನು ಮಾಡುವುದು ಇಷ್ಟು: ಒಂದೊಂದು ಟ್ಯಾಗ್‌ಗೆ 4 ಸೇರಿಸಿ ಎಂಟಿಯು ಬಾಂಡ್‌ಗೆ 1508, ಹೊರ ವಿಲ್ಯಾನ್‌ಗೆ 1504, ಒಳಗಿನದಕ್ಕೆ 1500. ಬಾಂಡ್‌ಗೆ ಹೇಳಿದರೆ ಅದರ ಕೆಳಗಿನ ಕಾರ್ಡ್‌ಗಳಿಗೂ ಅದೇ ಹೋಗುತ್ತದೆ. ದಾರಿಯಲ್ಲಿರುವ ಪ್ರತಿ ಸ್ವಿಚ್ ಪೋರ್ಟೂ 1526ರ ಫ್ರೇಮ್ ಒಪ್ಪಬೇಕು. ಕೆಲವರು ಇದರ ಬದಲು ಒಳಗಿನದನ್ನು 1492ಕ್ಕೆ ಇಳಿಸುತ್ತಾರೆ. ತಪ್ಪೆನ್ನಲಾರೆ, ಆದರೆ ಆ ವಿಲ್ಯಾನ್‌ನಲ್ಲಿರುವ ಎಲ್ಲರೂ ಇಳಿಸಬೇಕು. ಒಬ್ಬರು ಮರೆತರೂ, ಎರಡು ತುದಿಯೂ ಮೊದಲೇ ಅಳತೆ ಹೇಳಿಕೊಳ್ಳುವ ಟಿಸಿಪಿ ಹೇಗೋ ಹೊಂದಿಸಿಕೊಂಡೀತು, ಹಾಗೆ ಹೇಳಿಕೊಳ್ಳದ ಯುಡಿಪಿ ಕೈಕೊಡುತ್ತದೆ.

ಪರೀಕ್ಷೆಗೆ ಪಿಂಗನ್ನೇ ಬಳಸಿ, ಆದರೆ ಒಡೆಯಬೇಡ ಎಂದು ಹೇಳಿ 1472 ಬೈಟ್ ಹೊರಿಸಿ. ತಲೆಬರಹಗಳೆಂದು ಐಸಿಎಂಪಿಗೆ (ಪಿಂಗ್ ಬಳಸುವ ಪ್ರೋಟೋಕಾಲ್) 8, ಐಪಿಗೆ 20 ಕೂಡಿದರೆ 1500 ಆಗುತ್ತದೆ. ‘ಮೆಸೇಜ್ ಟೂ ಲಾಂಗ್’ ಎಂದು ಕೂಡಲೇ ಬಂದರೆ ಮೊದಲು ನಿಮ್ಮ ಯಂತ್ರದ ಎಂಟಿಯು ನೋಡಿ. ಏನೂ ಬಾರದೆ ಮೌನವಾದರೆ ದಾರಿಯಲ್ಲಿ ಯಾರೋ ನುಂಗುತ್ತಿದ್ದಾರೆ.

ಬಾಂಡ್ ಇದ್ದಾಗ ಈ ಪರೀಕ್ಷೆಯೂ ಮೋಸ ಮಾಡುತ್ತದೆ. ಒಂದು ಕಡೆ ರಾತ್ರಿಯ ಬ್ಯಾಕಪ್ ಒಂದು ದಿನ ಮುಗಿಯುತ್ತಿತ್ತು, ಮರುದಿನ ಅರ್ಧಕ್ಕೆ ನಿಲ್ಲುತ್ತಿತ್ತು. ಅಲ್ಲಿನ ಹುಡುಗ ಜಾಣ. ‘1472 ಕೂಡ ಹೋಗ್ತಿದೆ ಸಾರ್’ ಅಂದ. ಎರಡು ಕೇಬಲ್, ಎರಡು ಸ್ವಿಚ್, ಕೇಬಲ್‌ಗಳನ್ನು ಒಂದೇ ಕೊಂಡಿಯಾಗಿ ಕೂಡಿಸುವ ಎಲ್‌ಎಸಿಪಿ. ಯಾವ ಸಂಪರ್ಕ ಯಾವ ಕೇಬಲ್ ಹಿಡಿಯಬೇಕೆಂದು ಹ್ಯಾಶ್ (ವಿಳಾಸ, ಪೋರ್ಟ್ ಸಂಖ್ಯೆಗಳಿಂದ ಹಾಕುವ ಒಂದು ಲೆಕ್ಕ) ತೀರ್ಮಾನಿಸುತ್ತದೆ. ಅವನು ಬಿಟ್ಟ ಪಿಂಗ್ ಶುರುವಾದಾಗ ಹಿಡಿದ ಕೇಬಲ್ಲಿನಲ್ಲೇ ಕೊನೆತನಕ ಓಡುತ್ತಿತ್ತು. ಬ್ಯಾಕಪ್‌ನ ಪೋರ್ಟ್ ಸಂಖ್ಯೆ ಪ್ರತಿ ಸಲ ಬೇರೆ, ಹಾಗಾಗಿ ಅದೃಷ್ಟವೂ ಬೇರೆ. ಮೊದಲನೇ ಕಾರ್ಡನ್ನು ಇಳಿಸಿ ಎರಡನೆಯದರಲ್ಲಿ ಮಾತ್ರ ನೋಡು ಅಂದೆ. 1472 ಮೌನ. 1468 ಹೋಯಿತು. 1469 ಮತ್ತೆ ಮೌನ. ಆ ನಾಲ್ಕೇ ಬೈಟ್! ಎರಡನೇ ಸ್ವಿಚ್‌ನ ಪೋರ್ಟಿಗೆ ಯಾರೂ ಎಂಟಿಯು ಏರಿಸಿರಲಿಲ್ಲ. ‘ನಾವು ಏನನ್ನೂ ಮುಟ್ಟಿಲ್ಲ’ ಎಂದು ಸ್ವಿಚ್‌ನವರು ವಾದಿಸಿದರು. ನಿಜವೇ, ಮುಟ್ಟಬೇಕಾದದ್ದನ್ನೂ ಮುಟ್ಟಿರಲಿಲ್ಲ.

ಆದ್ದರಿಂದ ಬಾಂಡನ್ನು ಒಂದೊಂದೇ ಕಾಲಿನ, ಅಂದರೆ ಕೇಬಲ್ಲಿನ, ಮೇಲೆ ನಿಲ್ಲಿಸಿ ನೋಡಿ, ಎರಡೂ ತುದಿಯಿಂದ. ವಾಪಸ್ ಬರುವ ಫ್ರೇಮ್‌ಗೆ ಕೇಬಲ್ ಆರಿಸುವುದು ಸ್ವಿಚ್, ನಿಮ್ಮ ಹ್ಯಾಶ್ ಅಲ್ಲ. ಮತ್ತೆ, ಎಂಟಿಯು ಬದಲಿಸಿದಾಗ ಹಲವು ಡ್ರೈವರ್‌ಗಳು ಕಾರ್ಡನ್ನು ಒಮ್ಮೆ ಬೀಳಿಸಿ ಎಬ್ಬಿಸುತ್ತವೆ. ಕೆಲಸದ ಹೊತ್ತಿನಲ್ಲಿ ಮಾಡಬೇಡಿ, ಮಾಡುವ ಮುಂಚೆ ಕನ್ಸೋಲ್‌ನಿಂದ ಒಳಬರುವ ದಾರಿ ಇದೆಯೇ ಎಂದು ನೋಡಿಕೊಳ್ಳಿ. ಆಮೇಲೆ ಒಮ್ಮೆ ರೀಬೂಟ್ ಮಾಡಿ, ಆ ಮೂರು ಸಾಲು 1508, 1504, 1500 ಎಂದೇ ಉಳಿದಿದೆಯೇ ನೋಡಿ.