ಸುಳಿವು ಕೊಡದ ಕಣವನ್ನು ತೂಗಿದ ಬಗೆ

ಹೀಲಿಯಂ ಬೀಜಕೇಂದ್ರದ ಲೆಕ್ಕ ಬಹಳ ಕಾಲ ತಾಳೆಯಾಗಲಿಲ್ಲ. ಅದರ ಧನಾವೇಶ ಎರಡು ಪ್ರೋಟಾನುಗಳಷ್ಟು. ದ್ರವ್ಯರಾಶಿ ಹೆಚ್ಚುಕಡಿಮೆ ನಾಲ್ಕು ಪ್ರೋಟಾನುಗಳಷ್ಟು. ಒಳಗೆ ನಾಲ್ಕು ಪ್ರೋಟಾನುಗಳಿದ್ದು, ಜೊತೆಗೆ ಎರಡು ಎಲೆಕ್ಟ್ರಾನುಗಳು ಸೇರಿಕೊಂಡು ಅರ್ಧ ಆವೇಶವನ್ನು ಅಳಿಸಿರಬೇಕು ಎಂಬುದು ಆಗಿನ ಊಹೆ. ಎಲೆಕ್ಟ್ರಾನಿನ ರಾಶಿ ಪ್ರೋಟಾನಿನ 1,836ರಲ್ಲಿ ಒಂದು ಪಾಲು, ಹಾಗಾಗಿ ತೂಕಕ್ಕೆ ತೊಡಕಿಲ್ಲ. ಆದರೆ ಅಷ್ಟು ಹಗುರವಾದ ಕಣವನ್ನು ಬೀಜಕೇಂದ್ರದಂಥ ಇಕ್ಕಟ್ಟಿನಲ್ಲಿ ಕೂಡಿಹಾಕಲು ಕ್ವಾಂಟಂ ನಿಯಮಗಳು ಬಿಡವು. ಆವೇಶವಿಲ್ಲದ, ಪ್ರೋಟಾನಿನಷ್ಟು ಭಾರದ ಕಣವೊಂದು ಇರಬಹುದೆಂದು ಭೌತವಿಜ್ಞಾನಿ ರುದರ್‌ಫೋರ್ಡ್ 1920ರಲ್ಲೇ ಹೇಳಿದ್ದರು. ಅದೇ ನ್ಯೂಟ್ರಾನ್.

ಇದ್ದರೂ ಹಿಡಿಯುವುದು ಹೇಗೆ? ಆವೇಶವಿರುವ ಕಣಗಳನ್ನು ಕಾಂತದಿಂದ ಬಾಗಿಸಬಹುದು, ಅನಿಲದಲ್ಲಿ ಅವುಗಳ ಜಾಡು ಕಾಣುತ್ತದೆ. ನ್ಯೂಟ್ರಾನ್ ಯಾವ ಸುಳಿವನ್ನೂ ಕೊಡದು. ಬೆರಿಲಿಯಂ ಲೋಹಕ್ಕೆ ಆಲ್ಫಾ ಕಣಗಳು, ಅಂದರೆ ವೇಗದ ಹೀಲಿಯಂ ಬೀಜಕೇಂದ್ರಗಳು, ಬಡಿದಾಗ ಸೀಸವನ್ನೂ ತೂರಿಹೋಗುವ ವಿಕಿರಣ ಹೊಮ್ಮುವುದು 1930ರಲ್ಲಿ ಗೊತ್ತಾಗಿತ್ತು. 1932ರಲ್ಲಿ ಪ್ಯಾರಿಸ್ಸಿನ ಜೋಲಿಯೊ-ಕ್ಯೂರಿ ದಂಪತಿ ಅದರ ದಾರಿಗೆ ಪ್ಯಾರಾಫಿನ್ ಮೇಣವಿಟ್ಟರು. ಮೇಣದಿಂದ ಪ್ರೋಟಾನುಗಳು ಚಿಮ್ಮಿದವು. ಇದು ಗ್ಯಾಮಾ ಕಿರಣದ, ಅಂದರೆ ಅತಿಶಕ್ತ ಬೆಳಕಿನ, ಕೆಲಸ ಎಂದುಕೊಂಡರು.

ಕೇಂಬ್ರಿಜ್‌ನಲ್ಲಿದ್ದ ಜೇಮ್ಸ್ ಚಾಡ್ವಿಕ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಗ್ಯಾಮಾ ಕಿರಣ ಪ್ರೋಟಾನನ್ನು ಅಷ್ಟು ಜೋರಾಗಿ ತಳ್ಳಬೇಕಾದರೆ ಸುಮಾರು 50 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಬೆರಿಲಿಯಂನಿಂದ ಅಷ್ಟು ಹುಟ್ಟುವ ದಾರಿಯೇ ಇಲ್ಲ. ಒಂದು ಗೋಲಿ ಅಷ್ಟೇ ತೂಕದ ಇನ್ನೊಂದಕ್ಕೆ ನೇರ ಬಡಿದರೆ ತನ್ನ ವೇಗವನ್ನೆಲ್ಲ ಅದಕ್ಕೆ ಕೊಟ್ಟು ತಾನು ನಿಲ್ಲುತ್ತದೆ. ಭಾರದ ಗೋಲಿಗೆ ಬಡಿದರೆ ಅದು ನಿಧಾನವಾಗಿ ಕದಲುತ್ತದೆ. ಹೈಡ್ರೋಜನ್ ಮತ್ತು ನೈಟ್ರೋಜನ್ ಬೀಜಕೇಂದ್ರಗಳು ಚಿಮ್ಮಿದ ವೇಗಗಳನ್ನು ಹೋಲಿಸಿದಾಗ, ಬಡಿದ ಕಣದ ರಾಶಿ ಪ್ರೋಟಾನಿನಷ್ಟೇ ಎಂದು ತಿಳಿಯಿತು. ಕಾಣದ್ದನ್ನು ಅದು ತಳ್ಳಿದವುಗಳ ಓಟದಿಂದಲೇ ತೂಗಿದ ಈ ತರ್ಕಕ್ಕೆ ನಾನು ಪ್ರತಿ ಸಲವೂ ಮನಸೋಲುತ್ತೇನೆ.

‘ಅಷ್ಟೇ’ ಎಂದೆನಾದರೂ ನ್ಯೂಟ್ರಾನ್ ಶೇಕಡಾ 0.14ರಷ್ಟು ಹೆಚ್ಚು ಭಾರ. ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಈ ವ್ಯತ್ಯಾಸ ಸುಮಾರು ಎರಡೂವರೆ. ಹೀಗಾಗಿ ಹೊರಬಿದ್ದ ನ್ಯೂಟ್ರಾನ್ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೊ ಎಂಬ ಆವೇಶವಿಲ್ಲದ ಅತಿ ಹಗುರ ಕಣವಾಗಿ ಒಡೆಯಬಲ್ಲದು. ಸುಮಾರು ಹತ್ತು ನಿಮಿಷಗಳಲ್ಲಿ ಅರ್ಧದಷ್ಟು ನ್ಯೂಟ್ರಾನುಗಳು ಹಾಗೆ ಮುಗಿಯುತ್ತವೆ. ಹೀಲಿಯಂನೊಳಗಿನ ನ್ಯೂಟ್ರಾನ್ ಒಡೆಯುವುದಿಲ್ಲ: ಅಲ್ಲಿ ಬಂಧನ ಎಷ್ಟು ಬಿಗಿಯೆಂದರೆ ಈ ಚೂರು ಹೆಚ್ಚುವರಿ ರಾಶಿಯ ಶಕ್ತಿ ಅದಕ್ಕೆ ಸಾಲದು. ಭಾರ ತಿರುವುಮುರುವಾಗಿದ್ದರೆ ಹೈಡ್ರೋಜನ್ನಿನ ಪ್ರೋಟಾನ್ ತನ್ನ ಎಲೆಕ್ಟ್ರಾನನ್ನೇ ನುಂಗಿ ನ್ಯೂಟ್ರಾನ್ ಆಗಿಬಿಡಬಹುದಿತ್ತು.

ಆವೇಶದ ಶಕ್ತಿಗೂ ರಾಶಿಯಿರುವುದರಿಂದ ಪ್ರೋಟಾನೇ ಭಾರವಾಗಬೇಕಿತ್ತಲ್ಲ? ಎರಡೂ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳಿಂದಾದವು. ನ್ಯೂಟ್ರಾನಿನಲ್ಲಿ ಎರಡು ಡೌನ್ ಕ್ವಾರ್ಕ್, ಒಂದು ಅಪ್. ಪ್ರೋಟಾನಿನಲ್ಲಿ ಎರಡು ಅಪ್, ಒಂದು ಡೌನ್. ಡೌನ್ ಕ್ವಾರ್ಕ್ ಅಪ್‌ಗಿಂತ ಭಾರ, ಆ ಭಾರವೇ ಇಲ್ಲಿ ಗೆಲ್ಲುತ್ತದೆ. 2015ರಲ್ಲಿ ಸೂಪರ್‌ಕಂಪ್ಯೂಟರ್ ಲೆಕ್ಕವೊಂದು ಆವೇಶದ ಶಕ್ತಿ, ಕ್ವಾರ್ಕ್ ಭಾರದ ವ್ಯತ್ಯಾಸ ಎರಡನ್ನೂ ಸೇರಿಸಿದಾಗ, ಪ್ರಯೋಗಗಳು ಅಳೆದಿದ್ದ ವ್ಯತ್ಯಾಸಕ್ಕೆ ಹೊಂದುವ ಉತ್ತರ ಬಂತು.