ಇಳಿಜಾರು ತೀರಿಸದ ಸಾಲ

ಗುಡ್ಡಗಾಡಿನ ರಸ್ತೆಗಳಲ್ಲಿ ಸೈಕಲ್ ತುಳಿಯುವವರ ನಡುವೆ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಏರಿನಲ್ಲಿ ಕಳೆದ ಹೊತ್ತನ್ನು ಇಳಿಜಾರು ಮರಳಿ ಕೊಡುತ್ತದೆ, ಹತ್ತಿದಷ್ಟೇ ಇಳಿಯುವುದೂ ಇರುವುದರಿಂದ ಹೊರಟಲ್ಲಿಗೆ ಹಿಂದಿರುಗುವ ವೇಳೆಗೆ ಲೆಕ್ಕ ಸರಿಹೋಗುತ್ತದೆ ಎಂದು ಅವರು ತಿಳಿದಿರುತ್ತಾರೆ. ಶಕ್ತಿಯ ಸಂರಕ್ಷಣಾ ನಿಯಮವನ್ನು ಶಾಲೆಯಲ್ಲಿ ಕಲಿತವರೇ ಈ ಮಾತನ್ನು ಹೆಚ್ಚು ಭರವಸೆಯಿಂದ ಹೇಳುವುದು ವಿಚಿತ್ರ. ಏರುವಾಗ ಸವಾರನು ಕೊಟ್ಟ ಶಕ್ತಿಯನ್ನು ಬೆಟ್ಟವು ಜೋಪಾನವಾಗಿ ಇಟ್ಟುಕೊಂಡಿರುತ್ತದೆ ಎಂಬುದೇನೋ ನಿಜ. ಆದರೆ ಅದು ಹಿಂದಿರುಗುವಾಗ ನಡುವೆ ಗಾಳಿಯೆಂಬ ದಲ್ಲಾಳಿ ಕುಳಿತಿರುತ್ತದೆ. ಇನ್ನು ಸಮಯದ ವಿಷಯದಲ್ಲಿ ಆ ಸಾಲ ತೀರುವುದೇ ಇಲ್ಲ.

ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ತೂಗುತ್ತವೆ, ಕಾಲುಗಳು ಸತತವಾಗಿ 200 ವ್ಯಾಟ್ ಸಾಮರ್ಥ್ಯ ಒದಗಿಸುತ್ತವೆ ಎಂದಿಟ್ಟುಕೊಳ್ಳೋಣ. ಚೆನ್ನಾಗಿ ರೂಢಿಯಾದ ಹವ್ಯಾಸಿಗೆ ಇದು ನಿಲುಕುವ ಪ್ರಮಾಣ. ಗಾಳಿ ಬೀಸದ ಸಮತಟ್ಟು ರಸ್ತೆಯಲ್ಲಿ ಈ ಸವಾರನಿಗೆ ಗಂಟೆಗೆ ಸುಮಾರು 33 ಕಿ.ಮೀ. ವೇಗ ಸಿಗುತ್ತದೆ. ಪ್ರತಿ 100 ಮೀಟರಿಗೆ 7.5 ಮೀಟರು ಮೇಲೇರುವ ರಸ್ತೆಯಲ್ಲಿ ಅದೇ ಕಾಲುಗಳು ಅದೇ ಶ್ರಮದಿಂದ ಗಂಟೆಗೆ 11 ಕಿ.ಮೀ. ಮಾತ್ರ ಸಾಗಿಸಬಲ್ಲವು. ಅದೇ ಇಳಿಜಾರಿನಲ್ಲಿ ಪೆಡಲು ಮುಟ್ಟದೆ, ಬ್ರೇಕನ್ನೂ ಹಿಡಿಯದೆ ಬಿಟ್ಟರೆ ವೇಗ ಗಂಟೆಗೆ 58 ಕಿ.ಮೀ. ಸುತ್ತಮುತ್ತ ಸ್ಥಿರಗೊಳ್ಳುತ್ತದೆ. 11 ಮತ್ತು 58ನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 34.5 ಬರುತ್ತದೆ, ಬೆಟ್ಟದ ದಾರಿಯೇ ಸಮತಟ್ಟಿಗಿಂತ ವೇಗದ್ದು ಎಂಬ ಹಾಸ್ಯಾಸ್ಪದ ತೀರ್ಮಾನಕ್ಕೆ ಬಂದು ನಿಂತಂತಾಗುತ್ತದೆ.

ತಪ್ಪು ಇರುವುದು ಈ ಸರಾಸರಿಯಲ್ಲೇ. ಹತ್ತು ಕಿ.ಮೀ. ಏರಲು ಸುಮಾರು 55 ನಿಮಿಷ, ಹತ್ತು ಕಿ.ಮೀ. ಇಳಿಯಲು ಸುಮಾರು 10 ನಿಮಿಷ ಬೇಕು. ಅಂದರೆ ಪ್ರಯಾಣದ ಬಹುಭಾಗವನ್ನು ಸವಾರನು ನಿಧಾನದಲ್ಲೇ ಕಳೆಯುತ್ತಾನೆ; ವೇಗದ ಸುಖ ಅವನಿಗೆ ಸಿಗುವುದು ಸ್ವಲ್ಪವೇ ಹೊತ್ತು. ಒಟ್ಟು 65 ನಿಮಿಷಕ್ಕೆ 20 ಕಿ.ಮೀ. ಎಂದರೆ ಗಂಟೆಗೆ ಹದಿನೆಂಟೂವರೆ ಕಿ.ಮೀ. ಆಯಿತು. ಸಮತಟ್ಟಿನಲ್ಲಿ ಇದೇ ದೂರ 36 ನಿಮಿಷದಲ್ಲಿ ಮುಗಿಯುತ್ತಿತ್ತು. ಒಂದು ತೊಟ್ಟಿ ತುಂಬಲು ಒಂದು ಗಂಟೆ, ಖಾಲಿಯಾಗಲು ಹತ್ತು ನಿಮಿಷ ಹಿಡಿದರೆ, ಹೊರಹೋಗುವ ತೂಬನ್ನು ಎಷ್ಟೇ ಅಗಲಿಸಿದರೂ ಒಂದು ಸುತ್ತು ಪೂರೈಸಲು ಗಂಟೆಗಿಂತ ಕಡಿಮೆ ಹಿಡಿಯಲಾರದು. ದಿನವೆಲ್ಲ ನಡೆದವನು ಕೊನೆಯ ಹೆಜ್ಜೆಯನ್ನು ಹಾರಿದರೆ ಬೇಗ ಊರು ಸೇರಿದಂತಾಗುವುದಿಲ್ಲ. ಈ ಹೋಲಿಕೆಗಳೂ ಸಾಲದೆನಿಸಿದರೆ ಇನ್ನೊಂದು ಊಹೆ ಮಾಡಿಕೊಳ್ಳಬಹುದು: ಸವಾರನು ಶಿಖರದಿಂದ ಕಣ್ಣು ಮಿಟುಕಿಸುವುದರೊಳಗೆ, ಶೂನ್ಯ ಸಮಯದಲ್ಲಿ, ಬುಡಕ್ಕೆ ಬಂದುಬಿಟ್ಟ ಎನ್ನೋಣ. ಆಗಲೂ ಅವನ ಸರಾಸರಿ ವೇಗ ಏರಿನ ವೇಗದ ಎರಡರಷ್ಟನ್ನು, ಅಂದರೆ ಗಂಟೆಗೆ 22 ಕಿ.ಮೀ.ಯನ್ನು ಮೀರಲಾರದು. ಈ ಫಲಿತಾಂಶವನ್ನು ಮೊದಲ ಸಲ ಕಾಗದದ ಮೇಲೆ ಕಂಡಾಗ ನಾನು ಮೂರು ಸಲ ಲೆಕ್ಕ ತಿರುಗಿ ಮಾಡಿದ್ದೆ.

ಏರಿನಲ್ಲಿ ಸವಾರನ ಸಾಮರ್ಥ್ಯದ ಸುಮಾರು ಶೇ. 90ರಷ್ಟು ಗುರುತ್ವದ ವಿರುದ್ಧ ಖರ್ಚಾಗುತ್ತದೆ. ಸಮತಟ್ಟಿನಲ್ಲಿ ಶೇ. 80ಕ್ಕೂ ಹೆಚ್ಚು ಭಾಗವನ್ನು ಗಾಳಿ ತಿನ್ನುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಇಳಿಯುವಾಗ ಬೆಟ್ಟವು ಕೊಟ್ಟ ಶಕ್ತಿಯೆಲ್ಲ ಒಂದು ಹಂತದ ನಂತರ ಗಾಳಿಯನ್ನು ಕಲಕುವುದಕ್ಕೇ ಮೀಸಲಾಗಿಬಿಡುತ್ತದೆ. ಬ್ರೇಕ್ ಹಿಡಿದು ನಿಧಾನವಾಗಿ ಇಳಿದರೆ ಅದು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ವೇಗ ಹೆಚ್ಚಿದಷ್ಟೂ ಬ್ರೇಕು ಹೆಚ್ಚು ಕಾಯುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ನಮ್ಮ ಸವಾರನು ಒಂದೇ ವೇಗದಲ್ಲಿ ಇಳಿಯುತ್ತಿದ್ದರೆ ಬ್ರೇಕಿನ ಮೇಲೆ ಅತಿ ಹೆಚ್ಚು ಬಿಸಿ ಬೀಳುವುದು ಗಂಟೆಗೆ ಸುಮಾರು 33 ಕಿ.ಮೀ. ವೇಗದಲ್ಲಿ. ಆಗ ಅದು 340 ವ್ಯಾಟ್ ಮುಟ್ಟುತ್ತದೆ. ಅದಕ್ಕಿಂತ ಮೆಲ್ಲಗೆ ಹೋದರೆ ಬಿಸಿ ಹುಟ್ಟುವ ದರವೇ ಕಡಿಮೆ. ಅದಕ್ಕಿಂತ ಜೋರಾಗಿ ಹೋದರೆ ಬ್ರೇಕಿನ ಕೆಲಸವನ್ನು ಗಾಳಿಯೇ ವಹಿಸಿಕೊಳ್ಳುತ್ತದೆ.

ಫ್ರಾನ್ಸಿನ ಮೋಂ ವಾಂತೂ ಈ ಲೆಕ್ಕಗಳಿಗೆ ಹೇಳಿ ಮಾಡಿಸಿದಂತಹ ಬೆಟ್ಟ. ಬೆದ್ವಾಂ ಊರಿನಿಂದ ಶಿಖರಕ್ಕೆ ಸುಮಾರು 21 ಕಿ.ಮೀ. ದಾರಿಯಲ್ಲಿ 1,600 ಮೀಟರು ಏರಬೇಕು. ಸರಾಸರಿ ಏರು ಶೇ. 7.5ರ ಆಸುಪಾಸಿನಲ್ಲಿದೆ. ಮಾನವ ದೇಹವು ಉರಿಸಿದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಪೆಡಲಿಗೆ ತಲುಪುತ್ತದೆ, ಆದುದರಿಂದ 200 ವ್ಯಾಟ್ ತುಳಿಯುವವನು ಒಳಗೆ 600 ವ್ಯಾಟ್ ಬಿಸಿಯನ್ನೂ ಉತ್ಪಾದಿಸುತ್ತಿರುತ್ತಾನೆ. ಸಮತಟ್ಟಿನಲ್ಲಿ ಅದನ್ನು ಎದುರುಗಾಳಿ ಹೊತ್ತೊಯ್ಯುತ್ತದೆ. ಗಂಟೆಗೆ 11 ಕಿ.ಮೀ. ವೇಗದಲ್ಲಿ ಬೆವರು ಆರುವಷ್ಟು ಗಾಳಿ ಸಿಗುವುದಿಲ್ಲ. ಶಿಖರಕ್ಕೆ ಸ್ವಲ್ಪ ಕೆಳಗೆ, ಮರಗಳಿಲ್ಲದ ಬಿಳಿಗಲ್ಲಿನ ಇಳಿಜಾರಿನಲ್ಲಿ, ಬ್ರಿಟನ್ನಿನ ಟಾಮ್ ಸಿಂಪ್ಸನ್ ಸ್ಮಾರಕವಿದೆ. 1967ರ ಜುಲೈ 13ರಂದು ಟೂರ್ ದ ಫ್ರಾನ್ಸ್ ಸ್ಪರ್ಧೆಯ ನಡುವೆ ಆತನು ಇಲ್ಲಿ ಕುಸಿದು ಮೃತಪಟ್ಟನು. ಬಿರುಬಿಸಿಲು ಮತ್ತು ಅತಿಶ್ರಮದ ಜೊತೆಗೆ, ಬಳಲಿಕೆಯ ಎಚ್ಚರಿಕೆಯನ್ನು ಅಡಗಿಸುವ ಆಂಫೆಟಮಿನ್ ಕೂಡ ಆತನ ದೇಹದಲ್ಲಿತ್ತು.

ಇನ್ನು ಗೇರಿನ ಮಾತು. ಸಣ್ಣ ಗೇರು ಹಾಕಿದರೆ ಕೆಲಸ ಕಡಿಮೆಯಾಗುತ್ತದೆ ಎನ್ನುವುದು ಎರಡನೆಯ ತಪ್ಪು ತಿಳಿವಳಿಕೆ. 80 ಕೆ.ಜಿ.ಯನ್ನು 1,600 ಮೀಟರು ಎತ್ತಲು ಸುಮಾರು ಹನ್ನೆರಡೂವರೆ ಲಕ್ಷ ಜೂಲ್ ಬೇಕು, ಯಾವ ಗೇರಿನಲ್ಲಾದರೂ ಅಷ್ಟೇ. ಬದಲಾಗುವುದು ಅದನ್ನು ಎಷ್ಟು ಕಂತುಗಳಲ್ಲಿ ಕಟ್ಟುತ್ತೇವೆ ಎಂಬುದು. ಮುಂದೆಯೂ ಹಿಂದೆಯೂ 34 ಹಲ್ಲುಗಳ ಚಕ್ರವಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.1 ಮೀಟರು ಮುಂದೆ ಹೋಗುತ್ತದೆ. ಈ ಏರಿನಲ್ಲಿ ನಿಮಿಷಕ್ಕೆ ಸುಮಾರು 90 ಸುತ್ತು ತುಳಿಯಬೇಕು, ಪೆಡಲಿನ ಮೇಲೆ ಸರಾಸರಿ 13 ಕೆ.ಜಿ. ಭಾರ ಒತ್ತಿದರೆ ಸಾಕು. ಮುಂದೆ 50, ಹಿಂದೆ 17 ಹಲ್ಲುಗಳಿದ್ದರೆ ನಿಮಿಷಕ್ಕೆ 30 ಸುತ್ತು, ಆದರೆ ಒತ್ತಬೇಕಾದ ಭಾರ 38 ಕೆ.ಜಿ. ಸ್ನಾಯುಗಳಿಗೆ ಈ ಎರಡು ಲೆಕ್ಕಗಳು ಸಮವಲ್ಲ. ಹೆಚ್ಚು ಬಲ ಬೇಕಾದಾಗ ದೇಹವು ಬೇಗ ದಣಿಯುವ ಸ್ನಾಯುತಂತುಗಳನ್ನೂ ಕೆಲಸಕ್ಕೆ ಕರೆಯುತ್ತದೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕುತ್ತದೆ. ಅಂದರೆ ಗೇರು ಸಾಲವನ್ನು ಮನ್ನಾ ಮಾಡುವುದಿಲ್ಲ, ಕಂತನ್ನು ಚಿಕ್ಕದು ಮಾಡುತ್ತದೆ.

ಇಷ್ಟು ಸರಳವಾದುದನ್ನು ಒಪ್ಪಲು ಸೈಕಲ್ ಜಗತ್ತಿಗೆ ಬಹಳ ವರ್ಷಗಳೇ ಬೇಕಾದವು. ಟೂರ್ ದ ಫ್ರಾನ್ಸ್ ಸ್ಪರ್ಧೆಯು 2,115 ಮೀಟರು ಎತ್ತರದ ತೂರ್ಮಾಲೆ ಘಾಟಿಯನ್ನು ಮೊದಲ ಸಲ ದಾಟಿದ್ದು 1910ರಲ್ಲಿ. ಸ್ಪರ್ಧೆಯ ರೂವಾರಿ ಆನ್ರಿ ದೆಗ್ರಾಂಜ್ ಗೇರು ಬದಲಿಸುವ ಯಂತ್ರವನ್ನು ಕೀಳಾಗಿ ಕಾಣುತ್ತಿದ್ದ. ಮುಖ್ಯ ಸ್ಪರ್ಧಿಗಳಿಗೆ ಅದು ದೊರೆತದ್ದು 1937ರಲ್ಲಿ. ಅಲ್ಲಿಯವರೆಗೆ ಏರಿನ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಸಿಕ್ಕುವಂತೆ ತಿರುಗಿಸಿ ಹಾಕಿಕೊಂಡು ಹೊರಡಬೇಕಿತ್ತು. ವಿಜ್ಞಾನಕ್ಕೆ ವಿರುದ್ಧವಾಗಿ ಗಂಡಸುತನದ ಹೆಸರಿನಲ್ಲಿ ನಡೆದ ಹಟಗಳ ಪಟ್ಟಿಯಲ್ಲಿ ಇದಕ್ಕೆ ಒಳ್ಳೆಯ ಸ್ಥಾನ ಸಲ್ಲಬೇಕು.

ರಸ್ತೆ ಕಟ್ಟುವವರು ಈ ತತ್ತ್ವವನ್ನು ಸೈಕಲ್ಲಿಗಿಂತ ಮೊದಲೇ ಅರಿತಿದ್ದರು. ಇಟಲಿಯ ಸ್ಟೆಲ್ವಿಯೊ ಘಾಟಿಯ ರಸ್ತೆಯನ್ನು ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ಎಂಜಿನಿಯರ್ ಕಾರ್ಲೊ ದೊನೆಗಾನಿ 1820ರಿಂದ 1825ರ ನಡುವೆ ನಿರ್ಮಿಸಿದನು. 2,757 ಮೀಟರಿನ ನೆತ್ತಿಗೆ ಪ್ರಾಟೊ ಕಡೆಯಿಂದ 48 ಹಿಮ್ಮುರಿ ತಿರುವುಗಳಿವೆ. ಸುಮಾರು 1,800 ಮೀಟರಿನ ಆ ಎತ್ತರವನ್ನು ಶೇ. 20ರ ನೇರ ದಾರಿಯಲ್ಲಿ ಹತ್ತಿದ್ದರೆ 9 ಕಿ.ಮೀ. ಸಾಕಾಗುತ್ತಿತ್ತು, ದೊನೆಗಾನಿ ಅದನ್ನು 24 ಕಿ.ಮೀ.ಗೆ ಎಳೆದು ಹರಡಿದ. ಒಂದು ಸಾವಿರ ಕೆ.ಜಿ. ತೂಕದ ಬಂಡಿಯನ್ನು ಶೇ. 7.5ರ ಏರಿನಲ್ಲಿ ಎಳೆಯಲು ಸುಮಾರು 75 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕಾದರೆ, ಶೇ. 20ರಲ್ಲಿ 200 ಕೆ.ಜಿ.ಯಷ್ಟು ಬೇಕು. ಕುದುರೆಗೆ ಗೇರಿಲ್ಲವಾದ್ದರಿಂದ ಗೇರನ್ನು ಬೆಟ್ಟದ ಮೈಯಲ್ಲೇ ಕೊರೆಯಬೇಕಾಯಿತು. ಬಂಡಿಗಳಿಗೆಂದು ಕಟ್ಟಿದ ಹಳೆಯ ರಸ್ತೆಗಳು ಇಂದು ಸೈಕಲ್ಲಿಗೆ ಹಿತವಾಗಿರುವುದಕ್ಕೆ ಇದೇ ಕಾರಣ. ಕಾಲ್ನಡಿಗೆಯವರು ಬಳಸುತ್ತಿದ್ದ ದಾರಿಗಳ ಸ್ವಭಾವ ಬೇರೆ. ಬೆಲ್ಜಿಯಮಿನ ಗೆರಾರ್ಡ್ಸ್‌ಬೆರ್ಗೆನ್ ಊರಿನಲ್ಲಿ ಗುಡ್ಡದ ತುದಿಯ ಪ್ರಾರ್ಥನಾಮಂದಿರಕ್ಕೆ ಹೋಗುವ ಕಲ್ಲುಹಾಸಿನ ದಾರಿ ಒಂದೆಡೆ ಶೇ. 20ರಷ್ಟು ಕಡಿದಾಗಿದೆ. ಅಲ್ಲಿ ನಮ್ಮ 200 ವ್ಯಾಟ್ ಸವಾರನ ವೇಗ ಗಂಟೆಗೆ ನಾಲ್ಕೂವರೆ ಕಿ.ಮೀ.ಗೆ ಇಳಿಯುತ್ತದೆ, ಸೈಕಲ್ ನೆಟ್ಟಗೆ ನಿಲ್ಲುವುದೇ ಕಷ್ಟ, ಇಳಿದು ನಡೆದರೂ ಅಷ್ಟೇ ಬೇಗ ತಲುಪಬಹುದು. ಹಳೆಯ ದಾರಿಯನ್ನು ಯಾರಿಗಾಗಿ ಕಟ್ಟಿದರು ಎಂಬುದನ್ನು ಶಾಸನ ಓದುವ ಮೊದಲೇ ತೊಡೆಗಳು ತಿಳಿಸಿಬಿಡುತ್ತವೆ.

ಮೋಂ ವಾಂತೂವನ್ನು ಇಟಲಿಯ ಕವಿ ಪೆತ್ರಾರ್ಕ ತನ್ನ ತಮ್ಮನೊಡನೆ 1336ರ ಏಪ್ರಿಲ್ 26ರಂದು ಏರಿದ ಬಗೆಯನ್ನು ಒಂದು ಪತ್ರದಲ್ಲಿ ಬರೆದಿದ್ದಾನೆ. ತಮ್ಮನು ಕಡಿದಾದ ದಿಣ್ಣೆಯನ್ನೇ ಹಿಡಿದು ನೇರವಾಗಿ ಹತ್ತಿದ. ಕವಿಯು ಸುಲಭದ ದಾರಿ ಹುಡುಕುತ್ತಾ ಹೊರಟು, ಕಣಿವೆಗಳಲ್ಲಿ ಮತ್ತೆ ಮತ್ತೆ ಅಲೆದು, ಹೆಚ್ಚು ದಣಿದು ತಡವಾಗಿ ತಮ್ಮನನ್ನು ಸೇರಿದ. ಏರನ್ನು ಉದ್ದಕ್ಕೆ ಹರಡಿಕೊಳ್ಳಬೇಕೆಂಬ ಅವನ ಎಣಿಕೆಯಲ್ಲಿ ಭೌತಶಾಸ್ತ್ರದ ತಪ್ಪೇನೂ ಇರಲಿಲ್ಲ. ಆದರೆ ಸ್ಟೆಲ್ವಿಯೊದ ಪ್ರತಿ ತಿರುವೂ ಹಿಂದಿನದಕ್ಕಿಂತ ಎತ್ತರದಲ್ಲಿದೆ, ಪೆತ್ರಾರ್ಕ ಆಯ್ದುಕೊಂಡ ದಾರಿಗಳು ಕೆಳಗಿಳಿಯುತ್ತಿದ್ದವು.